ಕೆನ್ನೆಗೊಂದು ನೆಲೆ

ರೈಫಲಿಗೆ ಸ್ಕೋಪ್ ಕೂರಿಸಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಎಕ್ಸ್?’, ಅಂದರೆ ಗುರಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ಆಮೇಲೆ ಬೆಲೆ. ರೈಫಲ್ ಭುಜಕ್ಕೇರಿಸಿದಾಗ ಕೆನ್ನೆ ಎಲ್ಲಿ ಕೂರುತ್ತದೆ, ಕೂತ ಜಾಗದಿಂದ ಕಣ್ಣು ತಾನಾಗಿ ಸ್ಕೋಪಿನ ನಡುವಿಗೆ ಬರುತ್ತದೆಯೇ ಎಂದು ಕೇಳುವವರು ಕಡಿಮೆ. ಗುರಿ ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ ತಪ್ಪತೊಡಗಿದಾಗ ತಪ್ಪೆಲ್ಲ ಸ್ಕೋಪಿನ ತಲೆಗೆ, ಇಲ್ಲವೇ ಪೆಲೆಟ್ಟಿನ ತಲೆಗೆ.

ಬಹಳಷ್ಟು ರೈಫಲುಗಳ ಸ್ಟಾಕನ್ನು ರೂಪಿಸಿದ್ದು ಓಪನ್ ಸೈಟಿಗಾಗಿ. ಓಪನ್ ಸೈಟ್ ನಳಿಗೆಗೆ ಅಂಟಿಕೊಂಡಂತೆ ಕೆಳಗೇ ಇರುತ್ತದೆ. ಸ್ಕೋಪಿನ ನಡುಗೆರೆಯಾದರೋ ನಳಿಗೆಯ ನಡುವಿನಿಂದ ಸುಮಾರು 38 ಮಿಲಿಮೀಟರ್ ಮೇಲಿರುತ್ತದೆ; ದಪ್ಪ ಮಸೂರದ ಸ್ಕೋಪಾದರೆ ಇನ್ನೂ ಎತ್ತರ. ಕಣ್ಣು ಅಲ್ಲಿಗೆ ಏರಬೇಕಾದರೆ ಕೆನ್ನೆ ಸ್ಟಾಕ್ ಬಿಟ್ಟು ಮೇಲೇಳುತ್ತದೆ, ಗದ್ದವಷ್ಟೇ ಮರಕ್ಕೆ ತಾಗುತ್ತದೆ. ನಾಲ್ಕೈದು ಕಿಲೋ ತೂಗುವ ತಲೆಯನ್ನು ಕತ್ತಿನ ಸ್ನಾಯುಗಳೇ ಎತ್ತಿ ಹಿಡಿದಿರಬೇಕು. ಹೀಗೆ ಹಿಡಿದ ತಲೆ ಎರಡು ಸಲ ಒಂದೇ ಜಾಗದಲ್ಲಿ ನಿಲ್ಲುವುದು ಕಷ್ಟ.

ಅದರಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿಯೇ ನೋಡಬಹುದು. 40 ಮಿಲಿಮೀಟರ್ ಮಸೂರದ ಸ್ಕೋಪನ್ನು 4 ಎಕ್ಸ್‌ನಲ್ಲಿಟ್ಟರೆ ಕಣ್ಣಿಗೆ ಬೀಳುವ ಬೆಳಕಿನ ವೃತ್ತ 10 ಮಿಲಿಮೀಟರ್ ಅಗಲ. 10 ಎಕ್ಸ್‌ಗೆ ಏರಿಸಿದರೆ ಅದು 4 ಮಿಲಿಮೀಟರಿಗೆ ಇಳಿಯುತ್ತದೆ. ಆ ವೃತ್ತದ ಅಂಚಿಗೆ ಕಣ್ಣು ಸರಿದರೂ ಗುರಿ ಕಾಣುತ್ತಲೇ ಇರುತ್ತದೆ, ಆದರೆ ಕ್ರಾಸ್‌ಹೇರ್ ಗುರಿಯ ಮೇಲೆ ತುಸು ಜಾರಿರುತ್ತದೆ. ಪ್ಯಾರಲಾಕ್ಸ್ ಎಂದರೆ ಇದೇ. 100 ಮೀಟರಿಗೆ ಹೊಂದಿಸಿದ ಇಂಥ ಸ್ಕೋಪಿನಲ್ಲಿ 10 ಮೀಟರ್ ದೂರದ ಗುರಿ ನೋಡಿದರೆ, ಕಣ್ಣು ಪೂರ್ತಿ ಅಂಚಿಗೆ ಹೋದಾಗ ತಪ್ಪು 18 ಮಿಲಿಮೀಟರ್‌ವರೆಗೆ ಹೋಗಬಲ್ಲದು. 10 ಮೀಟರ್ ಏರ್‌ರೈಫಲ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಕೆನ್ನೆಯ ಜಾಗ ಎಷ್ಟು ದುಬಾರಿಯದೆಂದು ಇದರಿಂದಲೇ ತಿಳಿಯುತ್ತದೆ.

ಕೊಡಗಿನ ಈಡುಗಾರರಿಗೆ ಇದು ಹೊಸ ವಿಷಯವೇನಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಅಲ್ಲಿ ಊರೂರಲ್ಲಿ ನಡೆಯುತ್ತದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಅಲ್ಲಿನ ಜೋಡುನಳಿಗೆ ಕೋವಿಯೊಂದನ್ನು ಕೈಗೆತ್ತಿಕೊಂಡು ನೋಡಬೇಕು: ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಮಣಿ ಬಿಟ್ಟರೆ ಹಿಂದಿನ ಸೈಟೇ ಇಲ್ಲ. ಹೊಡೆಯುವವರ ಕಣ್ಣೇ ಹಿಂದಿನ ಸೈಟು. ಆ ಕಣ್ಣನ್ನು ಜಾಗದಲ್ಲಿ ನಿಲ್ಲಿಸುವುದು ಕೆನ್ನೆ. ಕೆನ್ನೆ ಒಂದು ನೂಲು ಮೇಲೆದ್ದರೆ ಈಡು ಕಾಯಿಯ ಮೇಲಿಂದ ಹೋಗುತ್ತದೆ. ಕೋವಿ ತನ್ನ ಮೈಗೆ ‘ಕೂರುತ್ತದೆ’, ‘ಕೂರುವುದಿಲ್ಲ’ ಎಂದು ಹಳಬರು ಹೇಳುವುದು ಇದನ್ನೇ. ಸ್ಕೋಪ್ ಕೊಂಡವರು ಆ ಮಾತನ್ನು ಮರೆಯುತ್ತಾರೆ, ಗಾಜೇ ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ನಂಬುತ್ತಾರೆ.

ಬೆಂಗಳೂರಿನ ಮಾಗಡಿ ರಸ್ತೆಯ ಆಸುಪಾಸಿನ ಅನ್ನಪೂರ್ಣೇಶ್ವರಿ ನಗರದವರಿಗೆ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ ಹೆಸರು ಹೇಳಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳಲ್ಲಿ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ಯೂ ಒಂದು. ಆಂಡರ್ಸನ್ ಬಳಸುತ್ತಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿಯ ಲಿವರ್ ಆಕ್ಷನ್ ರೈಫಲ್. ಅದರ ಸ್ಟಾಕು ಹಿಂದಕ್ಕೆ ಹೋದಂತೆ ಚೆನ್ನಾಗಿ ಕೆಳಕ್ಕೆ ಇಳಿದಿರುತ್ತದೆ. ತಲೆ ನೆಟ್ಟಗಿಟ್ಟು, ಕೆಳಗಿರುವ ಓಪನ್ ಸೈಟಿಗೆ ಕಣ್ಣು ಕೊಟ್ಟು, ಹತ್ತಿರದ ಪ್ರಾಣಿಗೆ ಥಟ್ಟನೆ ಹೊಡೆಯಲು ಹೇಳಿ ಮಾಡಿಸಿದ ಆಕಾರ. ಅಂಥ ಸ್ಟಾಕಿನ ಮೇಲೆ ಸ್ಕೋಪ್ ಏರಿಸಿದರೆ ಮುಖಕ್ಕೆ ಆಧಾರವೇ ಸಿಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಕಾಲ ಮುಗಿಯಿತು, ಒಳ್ಳೆಯದೇ ಆಯಿತು. ಆದರೆ ಅದೇ ಇಳಿಜಾರಿನ ಸ್ಟಾಕುಗಳು ಇಂದಿಗೂ ಮನೆಗಳಲ್ಲಿವೆ, ಅವುಗಳ ಮೇಲೆ ಹೊಸ ಸ್ಕೋಪುಗಳು ಏರುತ್ತಲೇ ಇವೆ.

ಈ ತೊಡಕನ್ನು ಸೈನ್ಯಗಳು ತುಂಬ ಸರಳವಾಗಿ ಬಿಡಿಸಿಕೊಂಡವು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಲೀ-ಎನ್‌ಫೀಲ್ಡ್ ನಂ. 4 ರೈಫಲುಗಳಿಗೆ ಸ್ಕೋಪ್ ಜೋಡಿಸುವ ಕೆಲಸ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಬಂತು. ನಮ್ಮ ಮಹಾರಾಜರಿಗೆ ಶಿಕಾರಿ ಬಂದೂಕು ಮಾಡಿಕೊಡುತ್ತಿದ್ದ ಕಂಪನಿಯೇ ಇದು. ಅವರು ನಂ. 32 ಸ್ಕೋಪನ್ನು ಕೂರಿಸಿದ್ದರ ಜೊತೆಗೆ ಬಟ್ಟಿನ ಮೇಲೆ ಮರದ ದಿಮ್ಮಿಯೊಂದನ್ನು ಸ್ಕ್ರೂ ಹಾಕಿ ಬಿಗಿದರು, ಕೆನ್ನೆಗೆಂದೇ. ಅಮೆರಿಕನ್ನರ ಗ್ಯಾರಂಡ್ ರೈಫಲಿಗೆ ಗುಂಡಿನ ಕ್ಲಿಪ್ಪನ್ನು ಮೇಲಿನಿಂದ ತುಂಬಬೇಕು, ಹಾಗಾಗಿ ಸ್ಕೋಪನ್ನು ಎಡಕ್ಕೆ ಸರಿಸಿ ಕೂರಿಸಬೇಕಾಯಿತು. ಕೆನ್ನೆಯೂ ಎಡಕ್ಕೆ ಸರಿಯಲೆಂದು ಸ್ಟಾಕಿಗೆ ಚರ್ಮದ ದಿಂಬನ್ನು ದಾರ ಹಾಕಿ ಕಟ್ಟಿದರು. ಮುಖವನ್ನು ಗಾಜಿನತ್ತ ಎಳೆಯುವ ಬದಲು ಮರವನ್ನು ಮುಖಕ್ಕೆ ತಂದುಕೊಡುವುದು: ಈ ಅಂಕಣದ ಪಕ್ಷವೂ ಇದೇ. ಸ್ಕೋಪಿಗೆ ಎತ್ತರದ ರಿಂಗ್ ಕೊಳ್ಳುವ ಚಪಲ ಮಾತ್ರ ಬೇಡ. ಮುಂದಿನ ಮಸೂರ ನಳಿಗೆಗೆ ತಾಗದಿದ್ದರೆ, ಬೋಲ್ಟ್ ಆಡಲು ಜಾಗವಿದ್ದರೆ, ರಿಂಗ್ ಎಷ್ಟು ಗಿಡ್ಡವಾದರೂ ಒಳ್ಳೆಯದು.

ಹೊಂದಿಸುವ ಕೆಲಸಕ್ಕೆ ಕುಳಿತಾಗ ಕ್ರಮ ತಪ್ಪಬಾರದು. ರೈಫಲ್ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಸ್ಕೋಪನ್ನು ರಿಂಗಿನಲ್ಲಿ ಸಡಿಲವಾಗಿ, ಹಿಂದೆ ಮುಂದೆ ಜಾರುವಷ್ಟು ಬಿಡಬೇಕು. ಎಕ್ಸನ್ನು ಗರಿಷ್ಠಕ್ಕೆ ತಿರುಗಿಸಬೇಕು, ಬೆಳಕಿನ ವೃತ್ತ ಅಲ್ಲೇ ಅತಿ ಚಿಕ್ಕದು. ಸ್ಪರ್ಧೆಗೆ ಹಾಕುವ ಜಾಕೆಟನ್ನೇ ಹಾಕಿ, ಸ್ಪರ್ಧೆಯ ಭಂಗಿಯಲ್ಲೇ ನಿಲ್ಲಬೇಕು ಅಥವಾ ಮಲಗಬೇಕು. ಮಲಗಿದಾಗ ತಲೆ ಮುಂದಕ್ಕೆ ಬರುತ್ತದೆ, ನಿಂತಾಗ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೆ ತಂದು, ತಲೆಯ ಭಾರವನ್ನು ಸ್ಟಾಕಿಗೆ ಒಪ್ಪಿಸಬೇಕು. ಕೆನ್ನೆಮೂಳೆಯ ಕೆಳಗಿನ ಮೆತ್ತನೆ ಭಾಗ ಮರದ ಮೇಲೆ ಕೂರಬೇಕು, ಹಲ್ಲು ಕಚ್ಚಿರಬಾರದು, ಕೊಕ್ಕರೆಯಂತೆ ಕತ್ತು ಮುಂದಕ್ಕೆ ಚಾಚಿರಬಾರದು. ಕಣ್ಣು ತೆರೆದಾಗ ಕಂಡದ್ದೇ ತೀರ್ಪು. ಮೇಲೆ ಅಥವಾ ಕೆಳಗೆ ಕರಿನೆರಳು ಅರ್ಧಚಂದ್ರದಂತೆ ಬಂದರೆ ಎತ್ತರದ ದೋಷ. ಪಕ್ಕದಲ್ಲಿ ಬಂದರೆ ಸ್ಟಾಕಿನ ದಪ್ಪದ್ದು, ಇಲ್ಲವೇ ತಲೆ ವಾಲಿದ್ದು. ಸುತ್ತಲೂ ಉಂಗುರದಂತೆ ಬಂದರೆ ಸ್ಕೋಪನ್ನು ಹಿಂದೆ ಅಥವಾ ಮುಂದೆ ಜಾರಿಸಬೇಕು. ಕಣ್ಣು ತೆರೆದ ಮೇಲೆ ತಲೆಯನ್ನು ಸರಿಪಡಿಸಿಕೊಂಡು ‘ಈಗ ಸರಿಯಾಯ್ತು’ ಎಂದರೆ ಪರೀಕ್ಷೆಯೇ ಮುಗಿದಂತೆ, ಸರಿಯಾಗಬೇಕಾದ್ದು ತಲೆಯಲ್ಲ.

ಕನ್ನಡಕದವರು ಇನ್ನೊಂದನ್ನು ಗಮನಿಸಬೇಕು. ತಲೆ ತೀರಾ ಬಗ್ಗಿದರೆ ನೋಟ ಮಸೂರದ ನಡುವನ್ನು ಬಿಟ್ಟು ಮೇಲಿನ ಅಂಚಿನಿಂದ ಹಾಯುತ್ತದೆ, ಚಿತ್ರ ಕದಡುತ್ತದೆ. ಕೆನ್ನೆಯ ಆಸರೆ ತುಸು ಎತ್ತರವಾದರೆ ತಲೆ ನೆಟ್ಟಗಾಗಿ ಈ ತೊಂದರೆಯೂ ಕಡಿಮೆಯಾಗುತ್ತದೆ.

ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅವಕಾಶವಿಲ್ಲ, ಸಣ್ಣ ತೂತಿನ ಮೂಲಕ ನೋಡುವ ಪೀಪ್ ಸೈಟ್ ಮಾತ್ರ. ಆದರೂ ಕೆನ್ನೆಯ ಶಾಸ್ತ್ರ ಅತ್ಯಂತ ಬೆಳೆದಿರುವುದು ಅಲ್ಲೇ. ಅಲ್ಯೂಮಿನಿಯಂ ಸ್ಟಾಕಿನ ಚೀಕ್‌ಪೀಸನ್ನು ಮೇಲೆ-ಕೆಳಗೆ, ಎಡ-ಬಲ ಸರಿಸಬಹುದು, ವಾಲಿಸಲೂಬಹುದು. 10 ಮೀಟರ್ ಏರ್‌ರೈಫಲ್‌ನಲ್ಲಿ 60 ಹೊಡೆತಕ್ಕೆ ಸಿಗುವ 75 ನಿಮಿಷದುದ್ದಕ್ಕೂ ಕೆನ್ನೆ ಅಷ್ಟೇ ಒತ್ತಡದಲ್ಲಿ ಅದೇ ಜಾಗಕ್ಕೆ ಮರಳಬೇಕು. ಬೆಂಗಳೂರಿನಲ್ಲಿ ರಾಕೇಶ್ ಮನ್‌ಪತ್ ಅವರ ಹಾಕ್ ಐ ಅಕಾಡೆಮಿಯಲ್ಲಿ ಪಳಗಿದ ತಿಲೋತ್ತಮಾ ಸೇನ್ 2023ರಲ್ಲಿ, ಇನ್ನೂ ಶಾಲಾ ಬಾಲಕಿಯಾಗಿರುವಾಗಲೇ, ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದರು. ಅದೇ ವರ್ಷ ಚಾಂಗ್ವಾನ್‌ನಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಕೋಟಾ ತಂದುಕೊಟ್ಟರು. 2025ರಲ್ಲಿ ಕರ್ನಾಟಕದ ಮೇಘನಾ ಸಜ್ಜನರ್ ನಿಂಗ್ಬೋ ವಿಶ್ವಕಪ್‌ನಲ್ಲಿ ಕಂಚು ಪಡೆದರು. ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ 2024ರ ಆಗಸ್ಟ್ 1ರಂದು 451.4 ಅಂಕದೊಂದಿಗೆ ಕಂಚು ಗೆದ್ದದ್ದು ಮೂರು ಭಂಗಿಯ ಸ್ಪರ್ಧೆಯಲ್ಲಿ. ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಆ ಸ್ಪರ್ಧೆಯಲ್ಲಿ ಭಂಗಿ ಬದಲಾದಾಗ ಚೀಕ್‌ಪೀಸನ್ನೂ ಬದಲಿಸಿಕೊಳ್ಳುತ್ತಾರೆ. ಅದಕ್ಕೇ ಅದರ ಮೇಲೆ ಅಳತೆಯ ಗೆರೆಗಳಿರುವುದು.

ಅನ್ನಪೂರ್ಣೇಶ್ವರಿ ನಗರದ ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ 10 ಮೀಟರ್ ರೇಂಜ್ ಕಟ್ಟಲಾಗುವುದಿಲ್ಲ. 40 ಅಡಿ ಎಂದರೆ 12.2 ಮೀಟರ್, ಹಿಂದೆ ಮುಂದೆ ಬಿಟ್ಟ ಜಾಗ, ಮೆಟ್ಟಿಲು, ಗೋಡೆ ಕಳೆದರೆ ಅಷ್ಟು ಉದ್ದ ಉಳಿಯುವುದಿಲ್ಲ. ತಾರಸಿಯ ಮೇಲೆ ಹೊಡೆಯುವ ಯೋಚನೆಯನ್ನಂತೂ ಮಾಡಲೇಬಾರದು, ಅಕ್ಕಪಕ್ಕದ ತಾರಸಿಗಳಲ್ಲಿ ಬಟ್ಟೆ ಒಣಹಾಕುವವರಿರುತ್ತಾರೆ. ಕೆನ್ನೆಯ ಅಭ್ಯಾಸಕ್ಕೆ ಹಾಲ್‌ನಿಂದ ಅಡುಗೆಮನೆ ಬಾಗಿಲವರೆಗಿನ 5 ಮೀಟರ್ ಸಾಕು. ಗುರಿಹಾಳೆಯ 30.5 ಮಿಲಿಮೀಟರ್ ಕಪ್ಪು ವೃತ್ತವನ್ನು ಅರ್ಧಕ್ಕಿಳಿಸಿ 15.25ಕ್ಕೆ ಬರೆದು ಅಂಟಿಸಿದರೆ ಪೀಪ್ ಸೈಟಿನಲ್ಲಿ ಅಷ್ಟೇ ಗಾತ್ರ ಕಾಣುತ್ತದೆ. ಸ್ಪ್ರಿಂಗ್ ಏರ್‌ರೈಫಲ್ ಇದ್ದವರು ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯಬಾರದು, ಪಿಸ್ಟನ್ ಸೀಲ್ ಹಾಳಾಗುತ್ತದೆ. ಭುಜಕ್ಕೇರಿಸುವುದು, ಕೆನ್ನೆ ಇಡುವುದು, ಕಣ್ಣು ತೆರೆಯುವುದು, ಇಳಿಸುವುದು ಇಷ್ಟೇ ಅಭ್ಯಾಸ.

ಚೀಕ್‌ಪೀಸ್ ಇಲ್ಲದ ಸ್ಟಾಕಿಗೆ ಹಳೆಯ ಯೋಗಾ ಮ್ಯಾಟಿನ ಪಟ್ಟಿ ಮತ್ತು ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ಸಾಕು. ಒಂದು ಪದರ ಇಟ್ಟು ಸುತ್ತಿ, ಕಣ್ಣು ಮುಚ್ಚಿ ತೆರೆದು ನೋಡಿ, ಸಾಲದಿದ್ದರೆ ಇನ್ನೊಂದು. ಎತ್ತರ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಅದೇ ಅಳತೆಗೆ ಬಡಗಿಯಿಂದ ಮರದ ತುಂಡು ಮಾಡಿಸಿ ಚರ್ಮ ಹೊದಿಸಿಕೊಳ್ಳಬಹುದು. ಸ್ಪಂಜು ಬೆವರು ಹೀರಿ ಕೆಲವೇ ತಿಂಗಳಲ್ಲಿ ತಗ್ಗುತ್ತದೆ. ಬೋಲ್ಟ್ ರೈಫಲಾದರೆ ಬಡಗಿಗೆ ಕೊಡುವ ಮೊದಲು ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದು, ಹೊರಗೆ ತೆಗೆದು, ಅದು ಎಲ್ಲಿಯವರೆಗೆ ಬರುತ್ತದೆಂದು ಸ್ಟಾಕಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಡಬೇಕು. ತುಂಡು ಆ ಗೆರೆಗಿಂತ ಮುಂದೆ ಬಂದರೆ ನಳಿಗೆ ಸ್ವಚ್ಛ ಮಾಡಬೇಕಾದಾಗಲೆಲ್ಲ ಅದನ್ನು ಬಿಚ್ಚಬೇಕಾಗುತ್ತದೆ.