ಗೆದ್ದವರ ಸ್ತುತಿ: ಓಟದ ಅಂಗಳದ ಸಾಕ್ಷ್ಯವೂ ನಮ್ಮ ಪ್ರಬೋಧನೆಯೂ

2012ರ ಆಗಸ್ಟ್ 10ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 5000 ಮೀಟರ್ ಓಟವನ್ನು ಗೆದ್ದ ಇಥಿಯೋಪಿಯಾದ ಮೆಸೆರೆಟ್ ಡೆಫಾರ್ ಅವರು, ತಮ್ಮ ಅಂಗಿಯೊಳಗಿನಿಂದ ಮಾತೆ ಮರಿಯಮ್ಮನವರ ಚಿತ್ರವೊಂದನ್ನು ಹೊರತೆಗೆದು ಕ್ಯಾಮೆರಾಗಳಿಗೆ ತೋರಿಸಿದರು, ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಅದಕ್ಕೆ ಆರು ದಿನಗಳ ಹಿಂದೆ ಅದೇ ಕ್ರೀಡಾಂಗಣದಲ್ಲಿ 10,000 ಮೀಟರ್ ಓಟ ಗೆದ್ದ ಬ್ರಿಟನ್ನಿನ ಮೊ ಫರಾ ಅವರು ಇಸ್ಲಾಂ ಪದ್ಧತಿಯಂತೆ ನೆಲಕ್ಕೆ ಹಣೆಯಿಟ್ಟು ನಮಿಸಿದ್ದರು. 2022ರ ಜುಲೈನಲ್ಲಿ, ಅಮೆರಿಕದ ಯೂಜೀನ್ ನಗರದಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 50.68 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದ ಸಿಡ್ನಿ ಮೆಕ್‌ಲಾಗ್ಲಿನ್-ಲೆವ್ರೋನ್ ಅವರು, ಓಟದ ನಂತರದ ಸಂದರ್ಶನದಲ್ಲಿ ಮಹಿಮೆಯೆಲ್ಲವೂ ದೇವರದೆಂದರು. ಹಿಬ್ರಿಯರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಹದಿನಾರನೆಯ ವಚನವು ಆ ದಿನಗಳಲ್ಲಿ ತಮ್ಮ ಮನಸ್ಸಿನಲ್ಲಿತ್ತೆಂದೂ ಹೇಳಿದರು.

ಇಂತಹ ದೃಶ್ಯಗಳಿಗೆ ಎರಡು ಬಗೆಯ ಪ್ರತಿಕ್ರಿಯೆಗಳನ್ನು ನಾವು ಬಲ್ಲೆವು. ಇದೆಲ್ಲವೂ ಪ್ರದರ್ಶನ, ಭಕ್ತಿಗೆ ಕ್ರೀಡಾಂಗಣದಲ್ಲಿ ಏನು ಕೆಲಸ ಎಂಬ ತಾತ್ಸಾರ ಒಂದು. ದೇವರನ್ನು ಗೌರವಿಸಿದವರನ್ನು ದೇವರು ಹೇಗೆ ಗೆಲ್ಲಿಸುತ್ತಾರೆ ನೋಡಿರಿ ಎಂಬ ಉತ್ಸಾಹ ಇನ್ನೊಂದು. ಮೊದಲನೆಯದು ಧರ್ಮಸಭೆಯ ಹೊರಗೆ ಹೆಚ್ಚಾಗಿ ಕೇಳಿಬರುತ್ತದೆ. ಎರಡನೆಯದು ಪ್ರಬೋಧನೆಗಳಲ್ಲಿ, ಯುವಜನರ ಧ್ಯಾನಕೂಟಗಳಲ್ಲಿ, ಅಂದರೆ ನಮ್ಮ ಬಾಯಿಂದಲೇ ಕೇಳಿಬರುತ್ತದೆ. ಈ ಲೇಖನದ ವಾದ ಇಷ್ಟು: ಓಟಗಾರರ ಸ್ತುತಿಯು ಕೃತಜ್ಞತೆ ಎಂಬ ನೆಲೆಯಲ್ಲಿ ಸತ್ಯವಾದುದು, ಗೆಲುವಿಗೆ ಕೊಡುವ ಕಾರಣ ಎಂಬ ನೆಲೆಯಲ್ಲಿ ಅದು ನಿಲ್ಲದು. ಈ ಎರಡನ್ನೂ ಬೆರೆಸುವವರು ಬಹುಮಟ್ಟಿಗೆ ಓಟಗಾರರಲ್ಲ, ಅವರನ್ನು ಉದಾಹರಿಸುವ ನಾವು.

ಬಹಿರಂಗ ಕೃತಜ್ಞತೆಯ ಔಚಿತ್ಯ

ತಾತ್ಸಾರ ಮಾಡುವವರು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಬೀದಿಯ ಮೂಲೆಗಳಲ್ಲಿ ನಿಂತು ಪ್ರಾರ್ಥಿಸುವ ಕಪಟಿಗಳಂತೆ ಆಗದೆ, ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಿರಿ ಎಂದು ಪ್ರಭು ಬೋಧಿಸಿದ್ದು ನಿಜ. ಆದರೆ ಅದಕ್ಕೆ ಒಂದೇ ಅಧ್ಯಾಯದ ಹಿಂದೆ, ಅದೇ ಪರ್ವತ ಪ್ರಸಂಗದಲ್ಲಿ, ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಎಂದವರೂ ಅವರೇ. ಪ್ರಭು ಖಂಡಿಸಿದ್ದು ಜನರ ಕಣ್ಣಿಗೆ ಬೀಳುವುದನ್ನಲ್ಲ. ಜನರ ಕಣ್ಣಿಗೆ ಬೀಳಬೇಕೆಂದೇ ಪ್ರಾರ್ಥಿಸುವುದನ್ನು.

ಈ ವಿವೇಚನೆಗೆ ಲೂಕನ ಶುಭಸಂದೇಶವು ಎರಡು ಚಿತ್ರಗಳನ್ನು ಒಂದರ ಹಿಂದೊಂದರಂತೆ ಕೊಡುತ್ತದೆ. ಹದಿನೇಳನೆಯ ಅಧ್ಯಾಯದಲ್ಲಿ ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬ ಸಮಾರಿಯದವನು ಗಟ್ಟಿಯಾದ ದನಿಯಲ್ಲಿ ದೇವರನ್ನು ಸ್ತುತಿಸುತ್ತಾ ಹಿಂದಿರುಗಿ, ಎಲ್ಲರೆದುರಿಗೇ ಯೇಸುವಿನ ಪಾದಕ್ಕೆ ಬೀಳುತ್ತಾನೆ. ಪ್ರಭು ಅವನನ್ನು ಗದರಿಸುವುದಿಲ್ಲ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕೇಳುತ್ತಾರೆ. ಹದಿನೆಂಟನೆಯ ಅಧ್ಯಾಯದಲ್ಲಿ ಫರಿಸಾಯನೊಬ್ಬನು ದೇವಾಲಯದಲ್ಲಿ ಪ್ರಾರ್ಥಿಸುತ್ತಾನೆ. ಅವನ ಪ್ರಾರ್ಥನೆಯೂ ಕೃತಜ್ಞತೆಯಿಂದಲೇ ಆರಂಭವಾಗುತ್ತದೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವನು ದೇವರಿಗೆ ವಂದನೆ ಹೇಳುವುದು ತನಗೆ ದೊರೆತ ವರಕ್ಕಾಗಿ ಅಲ್ಲ, ತಾನು ಇತರರಂತಿಲ್ಲ ಎಂಬುದಕ್ಕಾಗಿ. ವಂದನೆಯು ಹೋಲಿಕೆಯಾದ ಕ್ಷಣದಲ್ಲಿ ಅದು ಕೆಡುತ್ತದೆ.

ಸಮಾರಿಯದವನ ಪ್ರಸಂಗದಲ್ಲಿ ಇನ್ನೂ ಒಂದು ಅಂಶವಿದೆ. ಹಿಂದಿರುಗದ ಒಂಬತ್ತು ಮಂದಿಯೂ ಗುಣಹೊಂದಿದ್ದರು. ಅವರ ಕುಷ್ಠವು ಮರಳಿ ಬಂದಿತೆಂದು ಲೂಕನು ಬರೆಯುವುದಿಲ್ಲ. ವರವು ಕೃತಜ್ಞತೆಯ ಕೂಲಿಯಲ್ಲ. ಕೃತಜ್ಞತೆಯು ವರದ ಅರಿವು. ಈ ಅರಿವನ್ನು ಜನರ ನಡುವೆ ಉಚ್ಚರಿಸಲು ದೇಗುಲವೇ ಆಗಬೇಕೆಂದಿಲ್ಲ. ಓಟದ ಅಂಗಳವೂ ಸಾಕು.

ಸೆಕೆಂಡಿನ ನೂರರಲ್ಲೊಂದು ಭಾಗ

ಕೃತಜ್ಞತೆಯು ಕಾರಣವಿವರಣೆಯಾಗಿ ಬದಲಾದಾಗ ಏನಾಗುತ್ತದೆಂಬುದನ್ನು ಪರೀಕ್ಷಿಸಲು ಅದೇ 400 ಮೀಟರ್ ಹರ್ಡಲ್ಸ್ ಓಟವನ್ನೇ ತೆಗೆದುಕೊಳ್ಳೋಣ. ಮಹಿಳೆಯರ ಈ ಸ್ಪರ್ಧೆಯು ಒಲಿಂಪಿಕ್ಸ್‌ಗೆ ಸೇರಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಆ ಮೊದಲ ಸ್ಪರ್ಧೆಯಲ್ಲಿ ಮೊರಾಕ್ಕೊದ ನವಾಲ್ ಎಲ್ ಮೌತವಕೆಲ್ ಚಿನ್ನ ಗೆದ್ದರು. ರೊಮೇನಿಯಾದ ಓಟಗಾರ್ತಿ 55.41 ಸೆಕೆಂಡುಗಳಲ್ಲಿ ಕಂಚನ್ನು ಪಡೆದರು, ನಮ್ಮ ಪಿ. ಟಿ. ಉಷಾ 55.42 ಸೆಕೆಂಡುಗಳಲ್ಲಿ ನಾಲ್ಕನೆಯವರಾದರು. ಆ ನೂರರಲ್ಲೊಂದು ಭಾಗದ ನೋವನ್ನು ಭಾರತವು ಇಂದಿಗೂ ಮರೆತಿಲ್ಲ. ಗೆಲುವಿನ ಅಂತರವು ದೇವರ ಮೆಚ್ಚುಗೆಯ ಅಳತೆಯಾದರೆ, ಈ ಅಂತರಕ್ಕೆ ನಾವು ಯಾವ ಅರ್ಥ ಕೊಡಬೇಕು? ದೇವರ ಪ್ರೀತಿಯನ್ನು ಗಡಿಯಾರದಿಂದ ಅಳೆಯುವ ದೈವಶಾಸ್ತ್ರವು ನಾಲ್ಕನೆಯವರ ಮುಂದೆ ಮೂಕವಾಗುತ್ತದೆ, ಇಲ್ಲವೇ ಕ್ರೂರವಾಗುತ್ತದೆ.

2021ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಮೆಕ್‌ಲಾಗ್ಲಿನ್ 51.46 ಸೆಕೆಂಡುಗಳ ವಿಶ್ವದಾಖಲೆಯೊಡನೆ ಗೆದ್ದರು. ಎರಡನೆಯವರಾದ ಡಲೈಲಾ ಮುಹಮ್ಮದ್ ಅವರ ಕಾಲ 51.58. ಅಂದಿನವರೆಗಿನ ವಿಶ್ವದಾಖಲೆ 51.90 ಆಗಿತ್ತು. ಹಾಗಾದರೆ ಸೋತವರೂ ಅದುವರೆಗೆ ಯಾವ ಮಹಿಳೆಯೂ ಓಡದಷ್ಟು ವೇಗವಾಗಿ ಓಡಿದ್ದರು. ಅವರಲ್ಲಿದ್ದ ಶಕ್ತಿಯೂ ಸೃಷ್ಟಿಕರ್ತರ ವರವಲ್ಲವೇ?

ಇಲ್ಲಿ ಸಂತ ತೋಮಾಸ್ ಅಕ್ವಿನಾಸರ ಬೋಧನೆ ನಮ್ಮ ನೆರವಿಗೆ ಬರುತ್ತದೆ. ಅನ್ಯಮತೀಯರಿಗಾಗಿ ರಚಿಸಿದ ಸಮ್ಮಾ ಗ್ರಂಥದ ಮೂರನೆಯ ಭಾಗದ ಎಪ್ಪತ್ತನೆಯ ಅಧ್ಯಾಯದಲ್ಲಿ ಅವರು, ಒಂದು ಕಾರ್ಯದಲ್ಲಿ ದೇವರ ಪಾಲು ಇಷ್ಟು, ಸೃಷ್ಟಿಯ ಪಾಲು ಇಷ್ಟು ಎಂದು ಹಂಚುವುದನ್ನು ನಿರಾಕರಿಸುತ್ತಾರೆ. ಕಾರ್ಯವು ಸಂಪೂರ್ಣವಾಗಿ ದೇವರದು, ಸಂಪೂರ್ಣವಾಗಿ ಸೃಷ್ಟಿಯದು. ಆದರೆ ಎರಡೂ ಬೇರೆಬೇರೆ ನೆಲೆಯ ಕಾರಣಗಳು. ಹತ್ತು ತಡೆಗಳ ನಡುವಿನ ಹೆಜ್ಜೆಗಳ ಲೆಕ್ಕ, ತರಬೇತುದಾರರ ವರ್ಷಗಳ ಶ್ರಮ, ಸ್ನಾಯುವಿನ ಬಲ, ಎದುರಾಳಿಯ ಸಣ್ಣ ಎಡವಟ್ಟು ಇವೆಲ್ಲವೂ ನಿಜವಾದ ಕಾರಣಗಳೇ. ಇವು ತಲುಪದ ಒಂದು ಸಂದಿಯಲ್ಲಿ ದೇವರು ಕೈಯಿಟ್ಟು ಒಬ್ಬರನ್ನು ಮುಂದೆ ತಳ್ಳಿದರೆಂದು ಹೇಳುವುದು ದೇವರನ್ನು ಹಿಗ್ಗಿಸುವುದಲ್ಲ; ಅವರನ್ನು ಇತರ ಕಾರಣಗಳ ಸಾಲಿನಲ್ಲಿ ಇನ್ನೊಂದಾಗಿ ಕುಗ್ಗಿಸುವುದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಇಂದಿನ ಜಗತ್ತಿನಲ್ಲಿ ಧರ್ಮಸಭೆಯ ಕುರಿತಾದ ಸಂವಿಧಾನದ 36ನೇ ಪರಿಚ್ಛೇದದಲ್ಲಿ ಲೌಕಿಕ ಸಂಗತಿಗಳ ನ್ಯಾಯವಾದ ಸ್ವಾಯತ್ತತೆಯನ್ನು ಮಾನ್ಯ ಮಾಡಿದ್ದೂ ಈ ಕಾರಣಕ್ಕಾಗಿಯೇ.

ಹಾಗಾದರೆ ಗೆಲುವಿಗಾಗಿ ಬೇಡುವುದು ತಪ್ಪೇ? ಅಲ್ಲ. ಮಗುವು ತಂದೆಯ ಬಳಿ ಏನನ್ನಾದರೂ ಬೇಡಬಹುದು. ಗೆತ್ಸೆಮನೆಯಲ್ಲಿ ಪ್ರಭುವೂ ಬೇಡಿದರು. ಅವರು ಬೇಡಿದಂತೆ ಪಾತ್ರೆಯು ತೊಲಗಲಿಲ್ಲ. ಆದರೆ ಪಿತನು ಅವರನ್ನು ತೊರೆದುಬಿಟ್ಟರೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ.

ಒಂದು ಚಲನಚಿತ್ರ, ಒಂದು ವಚನ

ಈ ಬೆರಕೆಯು ನಮ್ಮೊಳಗೆ ಬೇರೂರಲು ಬಹಳ ನೆರವಾದ ಕಲಾಕೃತಿಯೆಂದರೆ 1981ರಲ್ಲಿ ಹ್ಯೂ ಹಡ್ಸನ್ ನಿರ್ದೇಶಿಸಿದ ‘ಚಾರಿಯಟ್ಸ್ ಆಫ್ ಫೈರ್’ ಚಲನಚಿತ್ರ. ಸ್ಕಾಟ್ಲೆಂಡಿನ ಎರಿಕ್ ಲಿಡ್ಡೆಲ್ ಅವರು 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾನುವಾರದಂದು ನಡೆಯುವ 100 ಮೀಟರ್ ಓಟದ ಪ್ರಾಥಮಿಕ ಸುತ್ತಿನಲ್ಲಿ ಓಡಲು ಒಪ್ಪದೆ, ನಂತರ 400 ಮೀಟರ್ ಓಟದಲ್ಲಿ 47.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದ ಕಥೆಯನ್ನು ಅದು ಹೇಳುತ್ತದೆ. ಅದು ಸುಂದರವಾದ ಚಿತ್ರ. ಗುರುಮಠಗಳಲ್ಲಿ ತೋರಿಸಲು ಯೋಗ್ಯವಾದುದೂ ಹೌದು. ಆದರೆ ಓಡುವಾಗ ದೇವರ ಸಂತೋಷವನ್ನು ಅನುಭವಿಸುವ ಕುರಿತು ಅದರಲ್ಲಿ ಬರುವ, ನಾವು ಲಿಡ್ಡೆಲ್ಲರದೆಂದು ಉದ್ಧರಿಸುವ ಪ್ರಸಿದ್ಧ ಮಾತು ಚಿತ್ರಕಥೆಗಾರ ಕಾಲಿನ್ ವೆಲೆಂಡ್ ಅವರ ರಚನೆ.

ಇದಕ್ಕಿಂತ ಮುಖ್ಯವಾದುದು ಓಟದ ಮುನ್ನ ಲಿಡ್ಡೆಲ್ ಅವರ ಕೈಗೆ ಬರುವ ಚೀಟಿ. ಚಿತ್ರದಲ್ಲಿ ಅದನ್ನು ಅಮೆರಿಕದ ಓಟಗಾರನೊಬ್ಬನು ಅಂಗಳದಲ್ಲೇ ಕೊಡುತ್ತಾನೆ. ವಾಸ್ತವದಲ್ಲಿ ಅಂದು ಬೆಳಿಗ್ಗೆ ಅದನ್ನು ಕೊಟ್ಟವರು ಬ್ರಿಟಿಷ್ ತಂಡದ ಅಂಗಮರ್ದಕರು. ಚೀಟಿಯಲ್ಲಿದ್ದದ್ದು ಸಮುವೇಲನ ಮೊದಲನೆಯ ಗ್ರಂಥದ ಎರಡನೆಯ ಅಧ್ಯಾಯದ ಮೂವತ್ತನೆಯ ವಚನದ ಭಾಗ: ತಮ್ಮನ್ನು ಗೌರವಿಸುವವರನ್ನು ದೇವರು ಗೌರವಿಸುವರೆಂಬ ಮಾತು. ಚಿತ್ರದಲ್ಲಿ ಚೀಟಿ ಬರುತ್ತದೆ, ಓಟ ನಡೆಯುತ್ತದೆ, ಗೆಲುವು ದೊರೆಯುತ್ತದೆ. ವಚನವು ಕಾರಣ, ಪದಕವು ಫಲ ಎಂದು ನೋಡುಗನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆದರೆ ಆ ವಚನದ ಸಂದರ್ಭವೇನು? ದೇವಜನನೊಬ್ಬನು ಶಿಲೋವಿನ ಯಾಜಕನಾದ ಏಲಿಯ ಬಳಿಗೆ ಬಂದು ಅವನ ಮನೆತನದ ಮೇಲೆ ನುಡಿಯುವ ನ್ಯಾಯತೀರ್ಪು ಅದು. ಏಲಿಯ ಮಕ್ಕಳು ಜನರು ತಂದ ಬಲಿಯ ಉತ್ತಮ ಭಾಗಗಳನ್ನು ಬಲವಂತವಾಗಿ ಕಿತ್ತುಕೊಂಡು ಕೊಬ್ಬುತ್ತಿದ್ದರು. ಏಲಿ ಅವರನ್ನು ತಡೆಯಲಿಲ್ಲ. ವಚನದ ಉತ್ತರಾರ್ಧವು ದೇವರನ್ನು ತಿರಸ್ಕರಿಸುವವರ ಕುರಿತಾದ ಎಚ್ಚರಿಕೆ. ಅಂದರೆ ಇದು ಓಟಗಾರರಿಗೆ ಕೊಟ್ಟ ವಾಗ್ದಾನವಾಗಿರಲಿಲ್ಲ. ಯಾಜಕರಿಗೆ ಕೊಟ್ಟ ಎಚ್ಚರಿಕೆಯಾಗಿತ್ತು. ಬೇರೊಬ್ಬರು ದೇವರಿಗೆ ಅರ್ಪಿಸಿದ್ದನ್ನು ತನ್ನ ಪೋಷಣೆಗೆ ಬಳಸಿಕೊಳ್ಳುವ ಯಾಜಕನು ಅದನ್ನು ಮೊದಲು ಓದಬೇಕು. ಓಟಗಾರ್ತಿಯೊಬ್ಬರು ಕಣ್ಣೀರಿನೊಡನೆ ಅರ್ಪಿಸಿದ ಸ್ತುತಿಯನ್ನು ಎತ್ತಿಕೊಂಡು ನಮ್ಮ ಪ್ರಬೋಧನೆಯನ್ನು ಕೊಬ್ಬಿಸುವಾಗ ನಾವು ಏಲಿಯ ಮನೆಗೆ ಎಷ್ಟು ಸಮೀಪದಲ್ಲಿದ್ದೇವೆ?

ಲಿಡ್ಡೆಲ್ ಅವರ ನಿಜವಾದ ಸಾಕ್ಷ್ಯವು ಚಿತ್ರವು ಮುಗಿದ ಮೇಲಿನದು. ಅವರು 1925ರಲ್ಲಿ, ತಾವು ಹುಟ್ಟಿದ ಚೀನಾಕ್ಕೆ ಧರ್ಮಪ್ರಚಾರಕರಾಗಿ ಹಿಂದಿರುಗಿದರು. ಯುದ್ಧಕಾಲದಲ್ಲಿ ಜಪಾನೀಯರು ಅವರನ್ನು ವೈಶಿಯನ್ ಬಂಧನ ಶಿಬಿರದಲ್ಲಿಟ್ಟರು. ಅಲ್ಲಿ ಅವರು ಮಕ್ಕಳಿಗೆ ವಿಜ್ಞಾನ ಕಲಿಸಿದರು, ಆಟಗಳನ್ನು ಏರ್ಪಡಿಸಿದರು. ಭಾನುವಾರದ ಆಟದಲ್ಲಿ ಹುಡುಗರು ಹೊಡೆದಾಡಿಕೊಂಡಾಗ, ಚಿನ್ನಕ್ಕಾಗಿಯೂ ಭಾನುವಾರ ಓಡದ ಆ ಮನುಷ್ಯ ಭಾನುವಾರವೇ ತೀರ್ಪುಗಾರರಾಗಿ ನಿಂತರು. 1945ರ ಫೆಬ್ರವರಿ 21ರಂದು, ಬಿಡುಗಡೆಗೆ ಕೆಲವೇ ತಿಂಗಳುಗಳಿರುವಾಗ, ಮೆದುಳಿನ ಗೆಡ್ಡೆಯಿಂದ ಅಲ್ಲಿಯೇ ತೀರಿಕೊಂಡರು. ಚಲನಚಿತ್ರವು ಇದನ್ನೆಲ್ಲ ಕೊನೆಯ ಬರಹದ ಒಂದೆರಡು ಸಾಲುಗಳಿಗೆ ಬಿಟ್ಟಿದೆ. ಪ್ಯಾರಿಸ್‌ನಲ್ಲಿ ದೇವರು ಅವರನ್ನು ಗೌರವಿಸಿದರೆಂದು ಸಾರುವವರು ವೈಶಿಯನ್‌ನಲ್ಲಿ ಗೌರವಿಸಲಿಲ್ಲವೇ ಎಂಬುದಕ್ಕೂ ಉತ್ತರಿಸಬೇಕು. ಅವರ ನಿರಾಕರಣೆಯ ಬೆಲೆಯು ಪದಕದಿಂದ ಹೆಚ್ಚಲಿಲ್ಲ. ಅವರು ಕಟ್ಟಕಡೆಯವರಾಗಿ ಬಂದಿದ್ದರೂ ಅದು ಕಡಿಮೆಯಾಗುತ್ತಿರಲಿಲ್ಲ.

ಪ್ರಬೋಧಕರಿಗೆ ಉಳಿಯುವ ಕೆಲಸ

ಮೆಕ್‌ಲಾಗ್ಲಿನ್-ಲೆವ್ರೋನ್ ಅವರು ನೆನೆದ ವಚನಕ್ಕೆ ಹಿಂದಿರುಗೋಣ. ಅದು ಗೆಲುವಿನ ವಚನವಲ್ಲ. ನಮ್ಮ ದೌರ್ಬಲ್ಯಗಳಲ್ಲಿ ಅನುಕಂಪ ತೋರಬಲ್ಲ ಮಹಾಯಾಜಕರಿರುವುದರಿಂದ ಕೃಪಾಸನದ ಬಳಿಗೆ ಧೈರ್ಯವಾಗಿ ಬರೋಣ ಎಂಬ ಕರೆ ಅದು. ದೇವರು ತಮಗೆ ಬಲ ಕೊಟ್ಟರೆಂದು ಅವರು ನುಡಿದರು. ಈ ಮಾತನ್ನು ನಾಲ್ಕನೆಯವರೂ ಆಡಬಹುದು. ಮರುವರ್ಷ ಮೊಣಕಾಲಿನ ತೊಂದರೆಯಿಂದ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಗುಳಿದ ಅವರೂ ಆಡಬಹುದಿತ್ತು. ಒಂದು ಸಾಕ್ಷ್ಯವನ್ನು ಪ್ರಬೋಧನೆಗೆ ತೆಗೆದುಕೊಳ್ಳುವ ಮುನ್ನ ನಾವು ಮಾಡಬೇಕಾದ ಪರೀಕ್ಷೆ ಇದೇ: ಇದೇ ಮಾತನ್ನು ಸೋತವರ ಬಾಯಲ್ಲಿಟ್ಟರೂ ಸತ್ಯವಾಗಿ ಉಳಿಯುವುದೇ?

ಈ ಪರೀಕ್ಷೆ ಕ್ರೀಡೆಗಷ್ಟೇ ಸೀಮಿತವಲ್ಲ. ನೊವೇನಾಗಳಲ್ಲಿ ಕೃತಜ್ಞತಾ ಪತ್ರಗಳನ್ನು ನಾವು ಓದಿಸುತ್ತೇವೆ: ಪರೀಕ್ಷೆಯಲ್ಲಿ ತೇರ್ಗಡೆ, ಕೆಲಸ, ವೀಸಾ, ಗುಣವಾದ ಕಾಯಿಲೆ. ಅವುಗಳನ್ನು ಓದುವುದು ಸರಿಯೇ. ಆದರೆ ಅದೇ ಬೆಂಚಿನಲ್ಲಿ ಮಗನು ಫೇಲಾದ ತಾಯಿ, ಡಯಾಲಿಸಿಸ್ ಮುಗಿಸಿ ಬಂದ ತಂದೆ ಕುಳಿತಿರುತ್ತಾರೆ. ಅವರ ಪತ್ರ ಯಾವ ಪೆಟ್ಟಿಗೆಗೂ ಬೀಳುವುದಿಲ್ಲ. ನಮ್ಮ ವ್ಯಾಖ್ಯಾನವು ಗೆಲುವನ್ನು ದೇವರ ಮೆಚ್ಚುಗೆಯ ರುಜುವಾತಾಗಿಸಿದರೆ, ತಮ್ಮ ಪ್ರಾರ್ಥನೆಯಲ್ಲೇ ಕೊರತೆಯಿತ್ತೆಂಬ ತೀರ್ಮಾನವನ್ನು ಹೊತ್ತು ಅವರು ಮನೆಗೆ ಹೋಗುತ್ತಾರೆ. ಆ ಹೊರೆಯನ್ನು ಹೊರಿಸಿದವರು ಓಟಗಾರರಲ್ಲ.

ಸಂತ ಪೌಲರು ಕೊರಿಂಥದವರಿಗೆ ಓಟದ ಹೋಲಿಕೆಯನ್ನು ಕೊಟ್ಟಾಗ, ಇಸ್ತ್ಮಿಯ ಕ್ರೀಡೆಗಳ ಬಾಡುವ ಕಿರೀಟವು ಅವರ ಓದುಗರಿಗೆ ತಿಳಿದಿತ್ತು. ಆ ಓಟದಲ್ಲಿ ಬಹುಮಾನವು ಒಬ್ಬರಿಗೆ ಮಾತ್ರ. ಬಾಡದ ಕಿರೀಟದ ಓಟದಲ್ಲಿ ಹಾಗಲ್ಲ. ಬಲಿಪೂಜೆಯ ಪೀಠಿಕೆಯಲ್ಲಿ ನಾವು ದಿನವೂ ದೇವರಿಗೆ ಎಲ್ಲ ಕಾಲದಲ್ಲೂ ಎಲ್ಲ ಸ್ಥಳದಲ್ಲೂ ವಂದನೆ ಸಲ್ಲಿಸುವುದು ಯುಕ್ತವೆಂದು ಒಪ್ಪಿಕೊಳ್ಳುತ್ತೇವೆ. ‘ಎಲ್ಲ ಸ್ಥಳ’ ಎಂಬುದರಲ್ಲಿ ಪದಕದ ವೇದಿಕೆಯೂ ಸೇರಿದೆ, ನಾಲ್ಕನೆಯ ಸ್ಥಾನವೂ ಸೇರಿದೆ. ಗೆದ್ದವರು ಈಗಾಗಲೇ ಕ್ಯಾಮೆರಾಗಳ ಮುಂದೆ ವಂದನೆ ಹೇಳುತ್ತಿದ್ದಾರೆ. ನಾಲ್ಕನೆಯವರಿಗೂ ಆ ವಂದನೆಯ ಮಾತನ್ನು ಕಲಿಸಿಕೊಡುವುದು ನಮ್ಮ ಪಾಲಿನ ಸೇವೆ.