ಹಲ್ಲಿನ ಭರ್ತಿಯ ಗಡಸುತನ: ಒಂದು ಅಂಕಿ ಸಾಕೇ?

ಹುಳುಕು ಹಲ್ಲಿಗೆ ಇಂದು ತುಂಬುವ ಬಿಳಿಯ ವಸ್ತು ಸಾಮಾನ್ಯವಾಗಿ ರಾಳ ಆಧಾರಿತ ಕಾಂಪೊಸಿಟ್. ಅಮೆರಿಕದ ರಫೇಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ರಾಳದಿಂದ ಇದರ ಬೆಳವಣಿಗೆ ಆರಂಭವಾಯಿತು. ರಾಳದಲ್ಲಿ ಗಾಜು, ಸಿಲಿಕಾಗಳ ಸೂಕ್ಷ್ಮ ಕಣಗಳನ್ನು ಬೆರೆಸಿರುತ್ತಾರೆ. ಅನೇಕ ಕಾಂಪೊಸಿಟ್‌ಗಳಲ್ಲಿರುವ ಕ್ಯಾಂಫರ್‌ಕ್ವಿನೋನ್ ನೀಲಿ ಬೆಳಕನ್ನು ಹೀರಿ ಪಾಲಿಮರೀಕರಣಕ್ಕೆ ಚಾಲನೆ ಕೊಡುತ್ತದೆ. ಆಳಕ್ಕೆ ಹೋದಂತೆ ಬೆಳಕು ಕ್ಷೀಣಿಸುವುದರಿಂದ ಭರ್ತಿಯ ತಳ ಅರೆಬೆಂದ ಅನ್ನದಂತೆ ಉಳಿಯಬಹುದು. ಅದು ಸರಿಯಾಗಿ ಗಟ್ಟಿಯಾಗಿದೆಯೇ ಎಂದು ತಿಳಿಯಲು ಸಂಶೋಧಕರು ಹೆಚ್ಚಾಗಿ ಅಳೆಯುವುದು ಗಡಸುತನವನ್ನು. ಈ ಅಳತೆಯನ್ನು ಬಳಸುತ್ತಿರುವ ರೀತಿ ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

ವಿಕರ್ಸ್ ವಿಧಾನದಲ್ಲಿ ವಜ್ರದ ಪಿರಮಿಡ್ಡನ್ನು ಮೇಲ್ಮೈಗೆ ಒತ್ತಿ, ಉಳಿದ ಗುರುತಿನ ಕರ್ಣವನ್ನು ಅಳೆಯುತ್ತಾರೆ. ಭಾರವನ್ನು (ಕಿಲೋಗ್ರಾಂ-ಬಲ) 1.854ರಿಂದ ಗುಣಿಸಿ, ಕರ್ಣದ (ಮಿಲಿಮೀಟರ್) ವರ್ಗದಿಂದ ಭಾಗಿಸಿದರೆ ಗಡಸುತನ ಸಂಖ್ಯೆ ಸಿಗುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ಭಾರ 200 ಗ್ರಾಂ, ಕರ್ಣ 68 ಮೈಕ್ರೊಮೀಟರ್ ಆದರೆ ಉತ್ತರ ಸುಮಾರು 80. ಕರ್ಣವನ್ನು 70 ಎಂದು ಓದಿದರೆ ಅದು ಸುಮಾರು 76ಕ್ಕೆ ಇಳಿಯುತ್ತದೆ. ಅಳತೆಯಲ್ಲಿ ಶೇಕಡಾ 3ರ ದೋಷ ಫಲಿತಾಂಶದಲ್ಲಿ ಶೇಕಡಾ 6 ಆಗುತ್ತದೆ. ಹೀಗಿರುವಾಗ ದಶಮಾಂಶದ ಎರಡು ಸ್ಥಾನಗಳವರೆಗೆ ಗಡಸುತನ ಬರೆದು, ದೋಷದ ಮಿತಿಯನ್ನು ಬಿಟ್ಟುಬಿಡುವ ವರದಿಯನ್ನು ಹೇಗೆ ನಂಬುವುದು?

ಎರಡನೆಯ ಆಕ್ಷೇಪ ಇನ್ನೂ ಮುಖ್ಯವಾದುದು. ತಳದ ಗಡಸುತನ ಮೇಲ್ಭಾಗದ ಶೇಕಡಾ 80ರಷ್ಟಿದ್ದರೆ ಸಾಕು ಎಂಬುದು ಬಹುವಾಗಿ ಬಳಕೆಯಲ್ಲಿರುವ ನಿಯಮ. ಒಂದೇ ವಸ್ತುವಿನ ಎರಡು ಮಾದರಿಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಮೇಲೆ 80, ತಳದಲ್ಲಿ 64. ಇನ್ನೊಂದರಲ್ಲಿ ಮೇಲೆ 50, ತಳದಲ್ಲಿ 40. ಎರಡೂ ನಿಯಮದಲ್ಲಿ ಉತ್ತೀರ್ಣ! ಎರಡನೆಯದರಲ್ಲಿ ಮೇಲ್ಭಾಗವೇ ಸರಿಯಾಗಿ ಗಟ್ಟಿಯಾಗಿಲ್ಲ ಎಂಬುದನ್ನು ಅನುಪಾತ ಮುಚ್ಚಿಹಾಕುತ್ತದೆ. ಆದ್ದರಿಂದ ಅನುಪಾತದ ಜೊತೆಗೆ ಮೂಲ ಅಂಕಿಗಳನ್ನೂ ಕೊಡಲೇಬೇಕು.

ಬೇರೆ ಬೇರೆ ವಸ್ತುಗಳನ್ನು ಹೋಲಿಸುವಾಗ ತೊಡಕು ಹೆಚ್ಚುತ್ತದೆ. ಒಂದೇ ರಾಳದಲ್ಲಿ ಗಡಸುತನ ಏರಿದಂತೆ ಪಾಲಿಮರೀಕರಣವೂ ಏರಿದೆ ಎನ್ನಬಹುದು. ಆದರೆ ಬೇರೆ ಬೇರೆ ರಾಳಗಳಿಗೆ ಇದು ಅನ್ವಯಿಸದೆಂದು ಫೆರಾಕೇನ್ 1985ರಲ್ಲೇ ಎಚ್ಚರಿಸಿದ್ದರು. ಕಾಂಪೊಸಿಟ್‌ನಲ್ಲಿ ಕಣಗಳ ಪ್ರಮಾಣವೂ ಗಡಸುತನವನ್ನು ನಿರ್ಧರಿಸುತ್ತದೆ. ಹೆಚ್ಚು ಗಾಜು ತುಂಬಿದ ವಸ್ತು, ಅದರ ರಾಳ ಕಡಿಮೆ ಗಟ್ಟಿಯಾಗಿದ್ದರೂ, ಹೆಚ್ಚಿನ ಅಂಕಿ ತೋರಿಸಬಹುದು.

ಇನ್ನು ಮೇಲ್ಮೈ. ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಒತ್ತಿ ಗಟ್ಟಿಯಾಗಿಸಿದ ಮೇಲ್ಮೈ ಅತ್ಯಂತ ನುಣುಪು. ಆದರೆ ಅಲ್ಲಿ ರಾಳವೇ ಹೆಚ್ಚಾಗಿರುವುದರಿಂದ ಗಡಸುತನ ಕಡಿಮೆ. ಉಜ್ಜಿ ಹೊಳಪು ಕೊಟ್ಟ ಮೇಲೆ ಗಡಸುತನ ಏರುತ್ತದೆ. ಅಂದರೆ ನುಣುಪು ಬೇರೆ, ಗಡಸು ಬೇರೆ. ಸರಾಸರಿ ಒರಟುತನ 0.2 ಮೈಕ್ರೊಮೀಟರಿಗಿಂತ ಕಡಿಮೆಯಾದರೆ ಬ್ಯಾಕ್ಟೀರಿಯ ಶೇಖರಣೆ ಇನ್ನಷ್ಟು ತಗ್ಗದು ಎಂದು ಬೋಲನ್ ಮತ್ತು ಸಂಗಡಿಗರು 1997ರಲ್ಲಿ ಸೂಚಿಸಿದರು. ಇದು ಉಪಯುಕ್ತ ಮಿತಿಯೇ. ಆದರೆ ಅದು ಸರಾಸರಿ. ಒಂದೆರಡು ಆಳವಾದ ಗೀರುಗಳು ಅದರಲ್ಲಿ ಅಡಗಿ ಕೂರಬಲ್ಲವು.

ಹಾಗೆಂದು ಗಡಸುತನ ಪರೀಕ್ಷೆಯನ್ನು ತಳ್ಳಿಹಾಕಬೇಕಿಲ್ಲ. ಅದು ಸುಲಭ, ಅಗ್ಗ, ಕಾಲೇಜಿನ ಪ್ರಾಜೆಕ್ಟಿಗೂ ತಕ್ಕದ್ದು. ಅಧ್ಯಾಪಕರಲ್ಲಿ ಒಂದು ವಿನಂತಿ: ವಿದ್ಯಾರ್ಥಿ ಅಂಕಿಯನ್ನು ತಂದಾಗ ಭಾರವೆಷ್ಟು, ಒತ್ತಿದ ಅವಧಿಯೆಷ್ಟು, ಎಷ್ಟು ಗುರುತುಗಳ ಸರಾಸರಿ, ಹೊಳಪು ಕೊಟ್ಟದ್ದು ಹೇಗೆ ಎಂದು ಕೇಳಿ. ಆ ಅಂಕಿಯನ್ನು ನಂಬಿ ಅಗಿಯುವವನು ರೋಗಿ.