ಅಂಕೆಗಳ ಹಾರ: ಮಹಾವೀರಾಚಾರ್ಯನ 12345654321

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ 12345654321 ಎಂಬ ಸಂಖ್ಯೆ ಬರುತ್ತದೆ. ಇದನ್ನು ಪ್ರಾಚೀನರ ಅತಿಮಾನುಷ ಜ್ಞಾನಕ್ಕೆ ಸಾಕ್ಷಿಯಾಗಿ ಎತ್ತಿ ತೋರಿಸುವುದುಂಟು. ಬರಿಯ ವಿನೋದವೆಂದು ಬದಿಗೆ ಸರಿಸುವುದೂ ಉಂಟು. ಎರಡು ನಿಲುವುಗಳೂ ಪಠ್ಯಕ್ಕೆ ನ್ಯಾಯ ಒದಗಿಸುವುದಿಲ್ಲ.

ಆರು ಒಂದುಗಳನ್ನು ಸಾಲಾಗಿ ಬರೆದಾಗ ದೊರೆಯುವ 111111ರ ವರ್ಗವೇ ಈ ಸಂಖ್ಯೆ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ವರ್ಗದಲ್ಲಿ ಇವು ಎರಡೆರಡು ಸಲ ಬರುತ್ತವೆ. 3 ಮತ್ತು 7ರ ಜೋಡಿಗಳನ್ನು ಬೇರ್ಪಡಿಸಿದರೆ 441, ಉಳಿದವುಗಳ ಗುಣಲಬ್ಧ 27994681. ಆಚಾರ್ಯನು ಗುಣಿಸಲು ಕೊಟ್ಟಿರುವುದು ಈ ಎರಡನ್ನೇ. ನೋಟಕ್ಕೆ ಯಾವ ಕ್ರಮವೂ ಇಲ್ಲದ 27994681 ಸಹ 5291ರ ವರ್ಗವೆಂಬುದು ಸುಲಭವಾಗಿ ಗೋಚರಿಸದು. ಲೆಕ್ಕದಲ್ಲಿ ಒಂದಂಕಿ ತಪ್ಪಿದರೂ ಹಾರ ಕೆಡುತ್ತದೆ; ಉತ್ತರ ತನ್ನ ತಾಳೆಯನ್ನು ತಾನೇ ನೋಡಿಕೊಳ್ಳುತ್ತದೆ. ಇಂಥ ಕೆಲವು ಗುಣಲಬ್ಧಗಳನ್ನು ಅವನು ಕಂಠಾಭರಣವೆಂದು ಕರೆದಿರುವುದರಲ್ಲಿ ಬೋಧಕನ ಜಾಣ್ಮೆಯೂ ಇದೆ.

ಜಾನಪದ ದೃಷ್ಟಿಯಿಂದ ಇನ್ನೂ ಮುಖ್ಯವಾದುದು ಸಂಖ್ಯೆಯನ್ನು ಹೇಳಿರುವ ಬಗೆ. ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನನಾಮಗಳನ್ನು ಪಟ್ಟಿಮಾಡಿದವನು ಮಹಾವೀರಾಚಾರ್ಯ. ಆ ಪಟ್ಟಿಯಂತೆ ಇಲ್ಲಿಯ ಮೊದಲ ಅಂಕಿ ಹನ್ನೊಂದನೆಯದಾದ ‘ಅರ್ಬುದ’ ಸ್ಥಾನದಲ್ಲಿದೆ. ಆದರೆ ಈ ಸಂಖ್ಯೆಗೆ ಅವನು ಸ್ಥಾನನಾಮಗಳನ್ನು ಬಳಸದೆ, ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದೆಂದು ಅದರ ಆಕಾರವನ್ನೇ ಹೇಳುತ್ತಾನೆ. ಇದು ಕಿವಿಯಿಂದ ಕಲಿಯುವವನಿಗೆ ಒಪ್ಪುವ ಮಾತು. ಮೋಟೆಬೆನ್ನೂರಿನಂಥ ಊರುಗಳಲ್ಲಿ ಹಿಂದಿನ ತಲೆಮಾರಿನವರು ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನು ರಾಗವಾಗಿ ಒಪ್ಪಿಸುತ್ತಿದ್ದುದೂ ಇಂಥದೇ ಕ್ರಮದ ಬಲದಿಂದ. ಭೂತಸಂಖ್ಯೆಯ ಪದಗಳನ್ನು ಬಿಡಿಸ್ಥಾನದಿಂದ ಮೊದಲ್ಗೊಂಡು ಎಡಕ್ಕೆ ಓದಬೇಕು. ದಿಕ್ಕು ತಪ್ಪಿದರೆ ಸಂಖ್ಯೆಯೇ ಬೇರೆಯಾಗುತ್ತದೆ. ಹಾರಸಂಖ್ಯೆಗೆ ಮಾತ್ರ ಆ ಭಯವಿಲ್ಲ.

ಬೆರಗನ್ನೇ ನೆಚ್ಚಿಕೊಂಡ ಓದು ಸೋಲುವುದು ಈ ಹಾರದ ಮಿತಿಯನ್ನು ಮರೆಯುವುದರಿಂದ. 111111ನ್ನು ಅದರಿಂದಲೇ ಗುಣಿಸುವಾಗ ನಡುವಿನ ಕಂಬಸಾಲಿನ ಮೊತ್ತ ಆರು. ದಶಕ ಒಯ್ಯುವ ಪ್ರಸಂಗವೇ ಇಲ್ಲ. ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. ಹತ್ತು ಒಂದುಗಳ ವರ್ಗ 1234567900987654321. ಅಲ್ಲಿ ಹಾರ ಹರಿಯಿತು. ಅಂದರೆ ಈ ಸಮರೂಪ ಸಂಖ್ಯೆಯ ಗುಣವಲ್ಲ, ಹತ್ತರ ಆಧಾರದಲ್ಲಿ ಬರೆಯುವ ಪದ್ಧತಿಯ ಗುಣ. ಒಗಟಿನ ಚಮತ್ಕಾರವೂ ಅಷ್ಟೆ: ಅದು ಹೆಚ್ಚಾಗಿ ಭಾಷೆಯಲ್ಲಿರುತ್ತದೆಯೇ ಹೊರತು ಒಗಟು ಸೂಚಿಸುವ ವಸ್ತುವಿನಲ್ಲಲ್ಲ. ಇದೇ ಸಂಖ್ಯೆಯನ್ನು ಎಂಟರ ಆಧಾರದಲ್ಲಿ ಬರೆದರೆ 13ರಿಂದ ಮೊದಲಾಗಿ 61ರಲ್ಲಿ ಮುಗಿಯುತ್ತದೆ, ಹಾರದ ಸುಳಿವೇ ಇರುವುದಿಲ್ಲ. ಆ ವೇಷದಲ್ಲಿಯೂ ಅದು ಮೂವತ್ತೇಳರಿಂದ ಎರಡು ಸಲ ನಿಶ್ಶೇಷವಾಗಿ ಭಾಗವಾಗುತ್ತದೆ.